ಮೂಗಿನ ತುದಿಯ ಪುಡಿ

ನಾನು ಒಂದು ಕಾಫಿ ಬೀಜ ಪುಡಿ ಮಾಡುವ ಯಂತ್ರ. ಹುಟ್ಟಿದ್ದು ಕೊಯಮತ್ತೂರಿನ ಒಂದು ಕಾರ್ಖಾನೆಯಲ್ಲಿ. ಎರಕದ ಕಬ್ಬಿಣದ ಮೈ, ಹಸಿರು ಬಣ್ಣ, ತಲೆಯ ಮೇಲೆ ಬೀಜ ಸುರಿಯಲು ಅಗಲವಾದ ಬಾಯಿ, ಕೆಳಗೆ ಪುಡಿ ಉದುರಲು ಸಣ್ಣ ಮೂತಿ. ಹೊಟ್ಟೆಯೊಳಗೆ ಹಲ್ಲುಗಳಿರುವ ಎರಡು ಚಕ್ರ. ಹಲ್ಲು ಹೊಟ್ಟೆಯಲ್ಲೇ ಇರುವುದರಿಂದಲೋ ಏನೋ, ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನನ್ನು ಮೊದಲು ಕೊಂಡವನು ಅರಸೀಕೆರೆಯ ಒಬ್ಬ ಹೋಟೆಲಿನವನು. ಹುಣಸೆ ಬೀಜ ಹುರಿದು ಕಾಫಿ ಬೀಜದ ಜೊತೆ ಬೆರೆಸಿ ನನಗೆ ತಿನ್ನಿಸುತ್ತಿದ್ದ. ನಾನು ನಿಂತುಹೋದರೆ ಕಾಲಿನಿಂದ ಒದೆಯುತ್ತಿದ್ದ. ಎರಡೇ ವರ್ಷಕ್ಕೆ ಅವನ ಹೋಟೆಲು ಮುಚ್ಚಿತು. ಆಗ ನನ್ನನ್ನು ನೋಡಲು ಬಂದವರು ತಿಪಟೂರಿನ ನಾಗಭೂಷಣ ಶೆಟ್ಟರು. ಹೊಸದಾಗಿ ಮದುವೆಯಾಗಿ, ಹೊಸದಾಗಿ ಕಾಫಿ ಪುಡಿ ಅಂಗಡಿ ತೆರೆಯಲು ಹೊರಟಿದ್ದರು. ನನ್ನ ಮೂತಿಯೊಳಗೆ ಬೆರಳಿಟ್ಟು, ಅಂಟಿದ್ದ ಹಳೆಯ ಪುಡಿಯನ್ನು ಮೂಸಿ, "ಪಾಪ, ಇದಕ್ಕೆ ಏನೇನು ತಿನ್ಸಿದಾರೋ" ಎಂದರು. ನನ್ನನ್ನು ಪಾಪ ಎಂದವರು ಅವರೊಬ್ಬರೇ. ಆ ಕ್ಷಣವೇ ಇವರು ನನ್ನವರು ಎಂದು ನಾನು ತೀರ್ಮಾನಿಸಿಬಿಟ್ಟೆ.

ಆದರೆ ಅವರು ಊರಿಗೆಲ್ಲ ಬೇಕಾದವರು. ಪೇಟೆ ಬೀದಿಯ ಅಂಗಡಿಯಲ್ಲಿ ಅವರನ್ನು ಒಂದು ಗಳಿಗೆ ಒಬ್ಬರೇ ಇರಲು ಜನ ಬಿಡುತ್ತಿರಲಿಲ್ಲ. ಯಾರ ಮನೆಗೆ ಎಷ್ಟು ಚಿಕೋರಿ, ಯಾರಿಗೆ ನುಣ್ಣಗೆ, ಯಾರಿಗೆ ತರಿತರಿ, ಎಲ್ಲ ಅವರಿಗೆ ಬಾಯಿಪಾಠ. ಸಾವಾದ ಮನೆಗೆ, ಅಲ್ಲಿಯವರು ಕೇಳುವ ಮೊದಲೇ, ಆ ಮನೆಯ ಹದದ ಪುಡಿಯನ್ನು ಕಟ್ಟಿಕೊಂಡು ತಾವೇ ಹೋಗುತ್ತಿದ್ದರು. "ಬಂದೋರಿಗೆ ಒಂದು ಲೋಟ ಕಾಫಿನಾದ್ರೂ ಆಗ್ಲಿ" ಎನ್ನುತ್ತಿದ್ದರು. ಅರೆದು ಅರೆದು ಮೈ ಬಿಸಿಯಾಗುತ್ತಿದ್ದುದು ನನಗೆ, ಹೆಸರು ಬರುತ್ತಿದ್ದುದು ಅವರಿಗೆ. ಅದನ್ನಾದರೂ ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ಅವರ ಮನೆಯ ಹಿತ್ತಾಳೆ ಫಿಲ್ಟರನ್ನು.

ಅದನ್ನು ಅವರ ಹೆಂಡತಿ ಅನಸೂಯಮ್ಮ ತವರಿನಿಂದ ತಂದಿದ್ದರಂತೆ. ನಾನು ಅದನ್ನು ಎಂದೂ ನೋಡಿರಲಿಲ್ಲ, ಆದರೆ ದಿನಕ್ಕೆ ಹತ್ತು ಸಲ ಅದರ ಗುಣಗಾನ ಕೇಳುತ್ತಿದ್ದೆ. ಗಣಿತದ ರಾಮಸ್ವಾಮಿ ಮೇಷ್ಟ್ರು ಬಂದು, "ಶೆಟ್ರೇ, ನಿಮ್ಮ ಪುಡಿಗೆ ಸಮ ಇಲ್ಲ" ಅಂದರೆ, ನಮ್ಮ ಶೆಟ್ಟರು, "ಪುಡೀದೇನಿದೆ ಬಿಡಿ ಮೇಷ್ಟ್ರೇ, ಇಳಿಸೋ ಕೈ ಚೆನ್ನಾಗಿರ್ಬೇಕು. ನಮ್ಮನೆ ಫಿಲ್ಟರ್‌ದು ಒಂದ್ಸಲ ಕುಡೀಬೇಕು ನೀವು" ಅನ್ನುವರು.

ಪುಡಿಯದೇನಿದೆಯಂತೆ! ನನ್ನೆದುರಿಗೇ!

ಇನ್ನೊಂದು ಪದ್ಧತಿಯೂ ಇತ್ತು. ಬೆಳಗ್ಗೆ ಅಂಗಡಿ ತೆರೆದು, ದೇವರಿಗೆ ಊದುಬತ್ತಿ ಹಚ್ಚಿ, ಮೊದಲ ಹಿಡಿ ಬೀಜವನ್ನು ನನಗೆ ಹಾಕುತ್ತಿದ್ದರು. ನನ್ನ ಮೂತಿಯ ಕೆಳಗೆ ಅಂಗೈ ಒಡ್ಡಿ, ಬೀಳುವ ಬಿಸಿ ಪುಡಿಯನ್ನು ಹಿಡಿದು, ಕಣ್ಣು ಮುಚ್ಚಿ ಮೂಸುತ್ತಿದ್ದರು. ಅಷ್ಟು ಹೊತ್ತು ಅವರು ಪೂರಾ ನನ್ನವರು. ಆಮೇಲೆ ಆ ಪುಡಿಯನ್ನು ಪೊಟ್ಟಣ ಕಟ್ಟಿ, ತಿಂಡಿಗೆ ಹೋಗುವಾಗ ಮನೆಗೆ ಒಯ್ಯುತ್ತಿದ್ದರು. ನನ್ನ ದಿನದ ಮೊದಲ ಪುಡಿ, ಎಲ್ಲಕ್ಕಿಂತ ಶ್ರೇಷ್ಠವಾದದ್ದು, ಆ ಫಿಲ್ಟರಿನ ಪಾಲು.

ಮಗಳು ಸುಮಿತ್ರಳ ಮದುವೆಯಲ್ಲಿ ನಾನು ಸೇಡು ತೀರಿಸಿಕೊಂಡೆ. ಬೀಗರಿಗೆ ಮನೆಯ ಫಿಲ್ಟರಿನಲ್ಲೇ ಕಾಫಿ ಎಂದು ಶೆಟ್ಟರು ಅದನ್ನು ಛತ್ರಕ್ಕೆ ಒಯ್ದಿದ್ದರು. ಅದಕ್ಕೆ ಮದುವೆಮನೆ, ನನಗೆ ಬೀಗ ಹಾಕಿದ ಅಂಗಡಿ! ಮುಹೂರ್ತದ ದಿನ ಬೆಳಗ್ಗೆ ಪುಡಿ ಸಾಲದೆಂದು ಅವರು ಓಡಿ ಬಂದರು. ಬೀಜದ ಜೊತೆ ಒಂದು ಕಲ್ಲು ಬಂತು. ಬೇರೆ ದಿನವಾಗಿದ್ದರೆ ಅದನ್ನು ಪುಡಿ ಮಾಡಿ ಉಗುಳುತ್ತಿದ್ದೆ. ಅವತ್ತು ಹಲ್ಲು ಕಚ್ಚಿ ನಿಂತುಬಿಟ್ಟೆ. ಶೆಟ್ಟರು ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ನನ್ನನ್ನು ಬಿಚ್ಚತೊಡಗಿದರು. ಅಷ್ಟರಲ್ಲಿ ಜರಿ ಸೀರೆ ಉಟ್ಟ ಅನಸೂಯಮ್ಮನವರೇ ಹುಡುಕಿಕೊಂಡು ಬಂದರು.

"ರೀ, ಕಾಶೀಯಾತ್ರೆಗೆ ಹೊತ್ತಾಯ್ತು. ಮಗಳ ಮದುವೆ ಇಟ್ಕೊಂಡು ಇದರ ಮುಂದೆ ಕೂತಿದೀರಲ್ಲ!"

"ಐದೇ ನಿಮಿಷ ಕಣೇ. ಹೀಗೆ ಬಿಚ್ಚಿಟ್ಟು ಹೆಂಗೆ ಬರ್ಲಿ?"

ಐದು ನಿಮಿಷ ಮುಕ್ಕಾಲು ಗಂಟೆಯಾಯಿತು. ಆ ಹೆಂಗಸು ಬಾಗಿಲಲ್ಲೇ ನಿಂತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಗೆದ್ದೆ ಎಂದುಕೊಂಡೆ. ನಾಚಿಕೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ಅವತ್ತು ಆಗಲಿಲ್ಲ.

ವರ್ಷಗಳು ಉರುಳಿದವು. ನನ್ನ ಹಸಿರು ಬಣ್ಣ ಉದುರಿತು, ಅವರ ಕೂದಲು ಬೆಳ್ಳಗಾಯಿತು. ಕೊನೆಕೊನೆಗೆ ಅವರು ಬೆಳಗಿನ ಪುಡಿಯನ್ನು ತುಂಬ ಹೊತ್ತು ಮೂಸುತ್ತಿದ್ದರು. ವಯಸ್ಸಾಯಿತು, ಮೂಗು ಮಂದವಾಯಿತೇನೋ ಎಂದುಕೊಂಡೆ. ಫಿಲ್ಟರಿನ ಪೊಟ್ಟಣ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಕಳೆದ ಮಾಘದಲ್ಲಿ ಒಂದು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಮರುದಿನವೂ ಇಲ್ಲ. ಹದಿನಾಲ್ಕನೆಯ ದಿನ ತೆರೆದಾಗ, ಒಳಗೆ ಬಂದವರು ನನ್ನ ತಲೆಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ಶೆಟ್ಟರ ಫೋಟೊ ಇಟ್ಟು ಹಾರ ಹಾಕಿದರು. ಹಾಗೆ ನನಗೆ ವಿಷಯ ತಿಳಿಯಿತು. ಅಂಗಡಿಯ ಮುಂದೆ ಶ್ರದ್ಧಾಂಜಲಿ ಸಭೆ. ಬೀದಿಯ ತುಂಬ ಜನ. "ಅವರು ಹೋದ ದಿನ ಊರಿನ ಪ್ರತಿ ಮನೆಯಿಂದಲೂ ಫ್ಲಾಸ್ಕಿನಲ್ಲಿ ಕಾಫಿ ಹೋಯ್ತು. ಎಲ್ಲ ಅವರದೇ ಪುಡಿ" ಎನ್ನುತ್ತ ರಾಮಸ್ವಾಮಿ ಮೇಷ್ಟ್ರು ಅತ್ತುಬಿಟ್ಟರು. ಎಲ್ಲರೂ ನಮ್ಮ ಶೆಟ್ಟರು, ನಮ್ಮ ಶೆಟ್ಟರು ಎಂದರು. ಒಬ್ಬೊಬ್ಬರು ಹಾಗೆಂದಾಗಲೂ ನನ್ನ ಹೊಟ್ಟೆ ಉರಿಯಿತು. ಅಳಲು ಅವರಿಗೆ ಕಣ್ಣಿತ್ತು. ಫೋಟೊ ಹೊತ್ತಿದ್ದ ನನ್ನ ಕಡೆ ಒಬ್ಬರೂ ನೋಡಲಿಲ್ಲ.

ಮರುವಾರ ಸುಮಿತ್ರ ಗುಜರಿಯವನನ್ನು ಕರೆತಂದಳು. ಅಂಗಡಿ ಅವಳು ನಡೆಸುತ್ತಾಳಂತೆ, ಹೊಸ ಯಂತ್ರ ಬರುತ್ತದಂತೆ. ಗುಜರಿಯವನು ನನ್ನ ಸೊಂಟಕ್ಕೆ ಹಗ್ಗ ಸುತ್ತಿದ. ಜೊತೆಗೆ ಬಂದಿದ್ದ ಅನಸೂಯಮ್ಮ, "ಸ್ವಲ್ಪ ತಡಿಯಪ್ಪ" ಎಂದರು. ನನ್ನೆದುರು ಬಂದು ನಿಂತರು. ಮುಗಿಯಿತು ನನ್ನ ಕಥೆ, ಮದುವೆಯ ದಿನದ್ದು ಇವರು ಮರೆತಿಲ್ಲ ಎಂದುಕೊಂಡೆ.

"ಸುಮಿ, ನಿಮ್ಮಪ್ಪ ಹನ್ನೆರಡು ವರ್ಷದಿಂದ ಕಾಫಿ ಕುಡೀತಿರಲಿಲ್ಲ ಕಣೇ. ಹೊಟ್ಟೇಲಿ ಹುಣ್ಣು, ಡಾಕ್ಟರು ಬೇಡ ಅಂದಿದ್ರು. ಕಾಫಿಪುಡಿ ಶೆಟ್ಟಿಗೇ ಕಾಫಿ ಆಗಲ್ಲ ಅಂದ್ರೆ ಜನ ನಗ್ತಾರೆ, ಯಾರಿಗೂ ಹೇಳ್ಬೇಡ ಅಂದ್ರು. ನಾನೂ ಬಿಡ್ತೀನಿ ಅಂದೆ, ಕೇಳ್ಲಿಲ್ಲ. ದಿನಾ ಪುಡಿ ತಂದು, ನಾನು ಕುಡಿಯೋದನ್ನ ನೋಡ್ತಾ ಜೀರಿಗೆ ನೀರು ಕುಡಿಯೋರು."

"ಮತ್ತೆ ಅಷ್ಟು ಬೇಗ ಅಂಗಡಿಗೆ ಬರ್ತಿದ್ದಿದ್ದು?"

"ಇವಳ ಹತ್ರ" ಎಂದು ನನ್ನತ್ತ ಕೈ ತೋರಿಸಿದರು. "ವಾಸನೆಗೆ. ಮನೆಗೆ ಬಂದಾಗ ಮೂಗಿನ ತುದೀಲಿ ಪುಡಿ ಅಂಟಿರೋದು. ನಾನು ಕೈಯಾರೆ ಇಳಿಸಿದ್ದು ಅವರಿಗೆ ದಕ್ಕಲಿಲ್ಲ, ಇವಳದು ದಕ್ತು. ಆ ಪುಡಿ ನೋಡಿದಾಗೆಲ್ಲ ನಂಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ಈ ಸವತಿ ಮೇಲೆ!"

ನನ್ನ ಮೇಲೆ! ನನ್ನಂಥ ಕಬ್ಬಿಣದ ಮೇಲೆ! ಒಂದು ಜೀವಮಾನವಿಡೀ ನಾನು ಆ ಮನೆಯ ಕಡೆ ನೋಡಿ ಉರಿದರೆ, ಆ ಮನೆ ನನ್ನ ಕಡೆ ನೋಡಿ ಉರಿಯುತ್ತಿತ್ತು. ಮದುವೆಯ ದಿನ ಬಾಗಿಲಲ್ಲಿ ಕಂಡ ಆ ಕಣ್ಣೀರು ನೆನೆದು ಈಗ ನನಗೆ ನಾಚಿಕೆಯಾಯಿತು.

ಗುಜರಿಯವನು ಹಗ್ಗ ಬಿಗಿದ. ಅನಸೂಯಮ್ಮ ತಾವೇ ಅದನ್ನು ಬಿಚ್ಚಿದರು.

"ಇವಳು ಎಲ್ಲಿಗೂ ಹೋಗಲ್ಲ. ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ."

ಡಬ್ಬಿಯಿಂದ ಒಂದು ಹಿಡಿ ಬೀಜ ತೆಗೆದು ನನಗೆ ಹಾಕಿ ಸ್ವಿಚ್ಚು ಒತ್ತಿದರು. ಮೂರು ವಾರ ಸುಮ್ಮನಿದ್ದ ಚಕ್ರಗಳು ಕಿರುಗುಟ್ಟಿದವು. ಆಯಮ್ಮ ಅಂಗೈ ಒಡ್ಡಿದರು. ಆ ಕೈಗೆ ಬಿಸಿ ಹೆಚ್ಚಾಗದಂತೆ, ಎಷ್ಟು ನುಣ್ಣಗೆ ಸಾಧ್ಯವೋ ಅಷ್ಟು ನುಣ್ಣಗೆ ಅರೆದು ಕೊಟ್ಟೆ. ಅವರು ಕಣ್ಣು ಮುಚ್ಚಿ ಮೂಸಿದರು, ತುಂಬ ಹೊತ್ತು.

ಈಗ ನಾನು ಅಂಗಡಿಯ ಮೂಲೆಯಲ್ಲಿದ್ದೇನೆ. ಜನರಿಗೆಲ್ಲ ಹೊಸ ಯಂತ್ರ ಅರೆಯುತ್ತದೆ. ಅದರ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಿದೆ ಎಂದು ಹೇಳತೊಡಗಿದರೆ ಇನ್ನೊಂದು ಕಥೆಯಾದೀತು. ಆದರೆ ದಿನದ ಮೊದಲ ಹಿಡಿ ಇವತ್ತಿಗೂ ನನ್ನದೇ. ಅನಸೂಯಮ್ಮ ದಿನಾ ಬೆಳಗ್ಗೆ ಬಂದು, ಅಂಗೈಯಲ್ಲಿ ಹಿಡಿದು ಮೂಸಿ, ಪೊಟ್ಟಣ ಕಟ್ಟಿಕೊಂಡು ಫಿಲ್ಟರಿಗೆ ಒಯ್ಯುತ್ತಾರೆ.

"ಅಮ್ಮಾ, ಮೂಗಿನ ತುದೀಲಿ ಪುಡಿ" ಎನ್ನುತ್ತಾಳೆ ಸುಮಿತ್ರ.

"ಇರ್ಲಿ ಬಿಡೇ" ಎಂದು, ಒರೆಸಿಕೊಳ್ಳದೆ ಹಾಗೇ ಬೀದಿಗೆ ಇಳಿಯುತ್ತಾರೆ.