ಕಡತಪ್ಪನ ಹಾಜರಿ

ಆ ಕಾರ್ಯಾಗಾರದ ಹಾಜರಿ ಪುಸ್ತಕದಲ್ಲಿ ಹದಿನೇಳನೆಯ ಸಾಲಿನ ಸಹಿ ನನ್ನದು. ಹದಿನೆಂಟನೆಯದೂ ನಾನೇ ಹಾಕಿದ್ದು. ಮೊದಲನೆಯದು ನನ್ನ ಹೆಸರಿಗೆ, ಎರಡನೆಯದು ಕಡತಪ್ಪನ ಹೆಸರಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಆ ಒಂದು ಗೀಚಿನಿಂದ ಆದದ್ದು.

ಕಡತಪ್ಪ ಅನ್ನುವುದು ನಾವಿಟ್ಟ ಹೆಸರು. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ನೆಲಮಾಳಿಗೆಯಲ್ಲಿ ದಾಖಲೆ ಕೋಣೆ ಇದೆ. ಐವತ್ತು ವರ್ಷದ ಅಂಕಪಟ್ಟಿಗಳು ಅಲ್ಲಿ ಕಬ್ಬಿಣದ ಕಪಾಟುಗಳಲ್ಲಿ ದೂಳು ತಿನ್ನುತ್ತಿವೆ. ಯಾವ ವರ್ಷದ್ದು ಯಾವ ಮೂಲೆಯಲ್ಲಿ ಅಂತ ಗೊತ್ತಿದ್ದದ್ದು ಆ ಕೋಣೆ ನೋಡಿಕೊಳ್ಳುತ್ತಿದ್ದ ಅವರೊಬ್ಬರಿಗೇ. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುತ್ತೇವೆ ಅಂತ ಮೂರು ಸಮಿತಿಗಳು ಬಂದವು, ಚಹಾ ಕುಡಿದು ಹೋದವು. ನಾನು ಮೇಲಿನ ಮಹಡಿಯ ಗುಮಾಸ್ತೆ. ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿಗೆ. ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಗಂಡನಿಗೆ ಏನಾದರೂ ಹೇಳಬೇಕಿದ್ದರೆ ಅತ್ತಿಗೆ ನನಗೆ ಫೋನ್ ಮಾಡುತ್ತಿದ್ದರು, ನಾನು ಗೊಣಗುತ್ತಾ ಮೆಟ್ಟಿಲಿಳಿದು ಹೋಗಿ ಹೇಳಿ ಬರುತ್ತಿದ್ದೆ. ಹನ್ನೊಂದು ವರ್ಷ ಹೀಗೇ ನಡೆದಿತ್ತು.

ಹೋದ ವರ್ಷದಿಂದ ನಮಗೊಂದು ಹೊಸ ಶನಿ ವಕ್ಕರಿಸಿತು. ಪ್ರತಿಯೊಬ್ಬ ನೌಕರನೂ ವರ್ಷಕ್ಕೆ ನಾಲ್ಕು ಕಾರ್ಯಾಗಾರಗಳಲ್ಲಿ ಕೂರಬೇಕು. ಎರಡು ವೃತ್ತಿಯ ಬೆಳವಣಿಗೆಗೆ, ಎರಡು ಮನಸ್ಸಿನ ಸ್ವಾಸ್ಥ್ಯಕ್ಕೆ. ಕೂರದಿದ್ದವರು ಯಾಕೆ ಕೂರಲಿಲ್ಲ ಅಂತ ಲಿಖಿತ ವಿವರಣೆ ಕೊಡಬೇಕು. ಕೆಲಸದ ಒತ್ತಡ ಇಳಿಸುವ ಕಾರ್ಯಾಗಾರಕ್ಕೆ ಹೋಗಲು ಕೆಲಸದ ಒತ್ತಡ ಬಿಡುತ್ತಿರಲಿಲ್ಲ. ಹಾಗಾಗಿ ನಾವೇ ಒಂದು ದಾರಿ ಮಾಡಿಕೊಂಡೆವು. ವಿಭಾಗದಿಂದ ಅರ್ಧ ಜನ ಹೋಗುವುದು, ಉಳಿದರ್ಧದವರ ಸಹಿಯನ್ನೂ ಹಾಕಿಬರುವುದು. ಯಾರ ಸಹಿ ಯಾರ ಕೈಗೆ ಬಗ್ಗುತ್ತದೆ ಅನ್ನುವುದೂ ಗೊತ್ತಾಗಿಹೋಗಿತ್ತು. ಕಡತಪ್ಪನದು ನನ್ನ ಪಾಲು.

ಆ ದಿನ ಸಂಜೆಯೊಳಗೆ ನೂರ ನಲವತ್ತು ಹಳೆಯ ಅಂಕಪಟ್ಟಿಗಳನ್ನು ತಾಳೆ ನೋಡಿ ಕೊಡಬೇಕು ಅಂತ ಉಪ ಕುಲಸಚಿವರ ಆದೇಶ ಬಂದಿತ್ತು. ಅದೇ ದಿನ ಎಲ್ಲರೂ ಕಾರ್ಯಾಗಾರಕ್ಕೆ ಹಾಜರಾಗಬೇಕು ಅನ್ನುವ ಸುತ್ತೋಲೆಗೂ ಅವರದೇ ಸಹಿ. ಓದಿ ಸಹಿ ಹಾಕುವ ಅಭ್ಯಾಸ ಅವರಿಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲವೇನೋ.

ಬೆಳಗ್ಗೆ ಒಂಬತ್ತೂವರೆಗೆ ಕಡತಪ್ಪ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದರು. ಮುಖ ಒರೆಸಿಕೊಳ್ಳುತ್ತಿದ್ದರು.

"ಏನಣ್ಣ, ಇಲ್ಲೇ ಬಿಡಾರ ಹೂಡಿದ್ದೀರಿ?"

"ಚಪ್ಪಲಿ ಕಚ್ತಾ ಇದೆ ಕಣಮ್ಮ. ಹೊಸದು." ಎದ್ದು ನಿಂತರು. "ನನ್ನ ಹೆಸರಿಗೂ ಒಂದು ಗೀಚಿಬಿಡು. ಏನು ಕಲಿಸಿದ್ರು ಅಂತ ಸಂಜೆ ಬಂದು ಹೇಳು, ಸಾಕು. ನೀನು ಬೈಕೊಂಡು ಹೇಳೋದನ್ನ ಕೇಳಿದ್ರೇ ನನ್ನ ಒತ್ತಡ ಇಳಿಯತ್ತೆ."

ನಾನು ನಕ್ಕು ಸಭಾಂಗಣಕ್ಕೆ ಹೋದೆ. ಅವರ ಕಾಲಲ್ಲಿದ್ದದ್ದು ಹಳೆಯ ಚಪ್ಪಲಿ. ಅದನ್ನು ನೋಡಿಯೂ ಇದ್ದೆ.

ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತವರು ಎಲ್ಲರ ಫೋನುಗಳನ್ನೂ ತೆಗೆದುಕೊಂಡರು. ತರಬೇತಿ ಕೊಡಲು ಬಂದಾಕೆಗೆ ನನ್ನ ಅರ್ಧ ವಯಸ್ಸು. ಕೆನ್ನೆಗೆ ಮೈಕು ಅಂಟಿಸಿಕೊಂಡು, ನಾವೆಲ್ಲ ಒಂದೇ ಕುಟುಂಬ ಅಂದಳು. ಆಮೇಲೆ ಸಹಿ ಮಾಡಿದ ಪ್ರತಿಯೊಬ್ಬರಿಗೂ ಒಂದೊಂದು ಬಲೂನು ಹಂಚಿದಳು. ಊದಬೇಕು, ಅದರ ಮೇಲೆ ನಮ್ಮ ದೊಡ್ಡ ಚಿಂತೆಯನ್ನು ಬರೆಯಬೇಕು, ಎಲ್ಲರೂ ಒಟ್ಟಿಗೆ ಒಡೆಯಬೇಕು. ಕಡತಪ್ಪನ ಬಲೂನೂ ನನ್ನ ಕೈಗೇ ಬಂತು. ದವಡೆ ನೋಯುವಂತೆ ಎರಡನ್ನೂ ಊದಿದೆ. ನನ್ನದರ ಮೇಲೆ "ಮಂಡಿ ನೋವು" ಅಂತ ಬರೆದೆ. ಅವರದರ ಮೇಲೆ "ಇಲಿ" ಅಂತ ಬರೆದೆ, ದಾಖಲೆ ಕೋಣೆಯ ಇಲಿಗಳ ಜೊತೆ ಅವರದು ವರ್ಷಗಳ ಜಗಳ. ಪಕ್ಕದವಳಿಗೆ ತೋರಿಸಿದೆ, ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಆಗ ಗಂಟೆ ಹನ್ನೊಂದೂಕಾಲು.

ಮಧ್ಯಾಹ್ನ ಒಂದು ಗಂಟೆಗೆ ಫೋನು ವಾಪಸ್ಸು ಕೊಟ್ಟರು, ಊಟದ ಪೊಟ್ಟಣ ಹಂಚಿದರು. ಕಡತಪ್ಪನ ಪೊಟ್ಟಣವನ್ನೂ ಇಸಿದುಕೊಂಡೆ. ನನ್ನ ಗ್ರಹಚಾರ, ಉಪ ಕುಲಸಚಿವರು ತಟ್ಟೆ ಹಿಡಿದುಕೊಂಡು ಬಂದು ಎದುರಿಗೇ ಕೂತರು.

"ದಾಖಲೆ ಕೋಣೆಯವರು ಕಾಣಿಸ್ತಿಲ್ಲವಲ್ಲ?"

"ಬಂದಿದ್ದಾರೆ ಸಾರ್. ಕೈ ತೊಳೆಯೋಕೆ ಹೋದ್ರು."

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಅತ್ತಿಗೆ.

"ಅವರೆಲ್ಲಿದ್ದಾರೆ? ಬೆಳಗ್ಗೆಯಿಂದ ಅವರಿಗೆ..."

ಉಪ ಕುಲಸಚಿವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮಾತು ಪೂರ್ತಿ ಕೇಳಲಿಲ್ಲ.

"ಇಲ್ಲೇ ಇದ್ದಾರೆ ಅತ್ತಿಗೆ, ಕಾರ್ಯಾಗಾರದಲ್ಲಿ. ಬೆಳಗ್ಗೆಯೆಲ್ಲ ಹಾಯಾಗಿ ಕಣ್ಣು ಮುಚ್ಚಿಕೊಂಡು ಉಸಿರಾಟದ ಅಭ್ಯಾಸ ಮಾಡಿದ್ರು. ನೀವೇನೂ ಯೋಚನೆ ಮಾಡಬೇಡಿ. ಆಮೇಲೆ ಮಾತಾಡಿಸ್ತೀನಿ."

ಬೇರೆ ಯಾವ ದಿನವಾದರೂ ನಾನು ಎದ್ದು ಮೆಟ್ಟಿಲಿಳಿಯುತ್ತಿದ್ದೆ. ಆವತ್ತು ಎದ್ದರೆ ಕಳ್ಳ ಸಹಿ ಬಯಲಾಗುತ್ತದೆ ಅಂತ ಗಟ್ಟಿಯಾಗಿ ಕೂತೆ. ಊಟ ಮುಗಿಯಿತು, ಫೋನು ಮತ್ತೆ ಬುಟ್ಟಿ ಸೇರಿತು. ಮಧ್ಯಾಹ್ನವಿಡೀ ನಮ್ಮನ್ನು ಕಣ್ಣು ಮುಚ್ಚಿಸಿ ಕೂರಿಸಿದರು. ನಿಮ್ಮ ದೇಹದ ಮಾತು ಕೇಳಿಸಿಕೊಳ್ಳಿ ಅಂದಳು ಆ ಹುಡುಗಿ. ನಾನು ಚೆನ್ನಾಗಿ ತೂಕಡಿಸಿದೆ.

ಐದು ಗಂಟೆಗೆ ಪೊಟ್ಟಣ ಹಿಡಿದು ಕೆಳಗೆ ಹೋದೆ. ದೀಪ ಉರಿಯುತ್ತಿತ್ತು. ಮೇಜಿನ ಮೇಲೆ ತಾಳೆ ನೋಡಿದ ಪಟ್ಟಿಗಳ ಕಟ್ಟು ಇತ್ತು, ಐವತ್ತೆರಡಕ್ಕೆ ನಿಂತಿತ್ತು. ಅಣ್ಣ ಎರಡು ಕಪಾಟುಗಳ ನಡುವೆ ಗೋಡೆಗೊರಗಿ ಕೂತಿದ್ದರು. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ್ದವು. ಬಾಗಿಲ ಕಡೆಗೆ ಒಂದಿಷ್ಟು ದೂರ ತೆವಳಿ ಬಂದದ್ದಕ್ಕೆ ನೆಲದ ದೂಳಿನಲ್ಲಿ ಗುರುತಿತ್ತು. ಭುಜ ಮುಟ್ಟಿದೆ. ತಣ್ಣಗಿತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ವೈದ್ಯರು ನನ್ನನ್ನೂ ನಮ್ಮ ವಿಭಾಗದ ಸೂಪರಿಂಟೆಂಡೆಂಟರನ್ನೂ ಪಕ್ಕಕ್ಕೆ ಕರೆದರು. "ಬೆಳಗ್ಗೆಯೇ ಶುರುವಾಗಿರಬೇಕು. ಮಧ್ಯಾಹ್ನ ಎರಡು ಗಂಟೆಯವರೆಗಾದ್ರೂ ಜೀವ ಇತ್ತು ಅನ್ಸತ್ತೆ. ಯಾರೂ ನೋಡಲಿಲ್ವಾ?"

ಅವರು ಬರೆದ ಚೀಟಿಯಲ್ಲಿ ಹೃದಯಾಘಾತ ಅಂತಿತ್ತು, ಗಂಟೆ ಇರಲಿಲ್ಲ. ಆ ಖಾಲಿ ಜಾಗವನ್ನು ಹಾಜರಿ ಪುಸ್ತಕ ತುಂಬಿತು. ದಿನವಿಡೀ ಕಾರ್ಯಾಗಾರದಲ್ಲಿದ್ದರು, ಮುಗಿದ ಮೇಲೆ ಕೋಣೆಗೆ ಬೀಗ ಹಾಕಲು ಇಳಿದಾಗ ಹೀಗಾಯಿತು ಅಂತ ವರದಿ ಬಂತು. ಶೋಕಸಭೆಯಲ್ಲಿ ಉಪ ಕುಲಸಚಿವರು ಗದ್ಗದಿತರಾಗಿ, ಕೊನೆಯ ದಿನವನ್ನೂ ಅವರು ನೆಮ್ಮದಿಯಲ್ಲಿ ಕಳೆದರು ಅಂದರು.

ಹೊರಗೆ ಬಂದು ಸೂಪರಿಂಟೆಂಡೆಂಟರಿಗೆ ನಿಜ ಹೇಳಿಬಿಡುತ್ತೇನೆ ಅಂದೆ. "ಈಗ ಬಾಯಿಬಿಟ್ಟು ಏನಾಗಬೇಕಾಗಿದೆ?" ಅಂದರು. "ನಿನ್ನದೊಂದು ಕೆದಕಿದ್ರೆ ಇಪ್ಪತ್ತು ಜನರದ್ದು ಹೊರಗೆ ಬರತ್ತೆ. ಆ ಹೆಣ್ಣುಮಗಳಿಗಾದ್ರೂ ಒಂದು ಸಮಾಧಾನ ಇದೆ. ಅದನ್ನೂ ಕಿತ್ಕೊಳ್ತೀಯಾ?" ಈ ಮಾತು ನನಗೂ ಅನುಕೂಲವಾಗಿಯೇ ಇತ್ತು. ಐದು ವಾರ ತುಟಿ ಹೊಲಿದುಕೊಂಡು ಓಡಾಡಿದೆ.

ಆಮೇಲೆ ಪ್ರಮಾಣಪತ್ರಗಳು ಬಂದವು. ಕಡತಪ್ಪನದೂ ಬಂತು, ದಪ್ಪ ಕಾಗದ, ಸುತ್ತ ಹೊಂಬಣ್ಣದ ಅಂಚು. ಮನೆಯವರಿಗೆ ತಲುಪಿಸುವ ಕೆಲಸ ನನ್ನ ತಲೆಗೇ ಬಿತ್ತು.

ಅತ್ತಿಗೆ ಅದನ್ನು ಎರಡು ಕೈಯಲ್ಲಿ ಹಿಡಿದು ಓದಿದರು. ಅವರು ಬಡಕಲಾಗಿದ್ದರು, ಕುಪ್ಪಸದ ತೋಳು ಜೋತುಬಿದ್ದಿತ್ತು. ಗೋಡೆಯಲ್ಲಿದ್ದ ಹಳೆಯ ಕ್ಯಾಲೆಂಡರ್ ತೆಗೆದು, ಸ್ಟೂಲ್ ಎಳೆದು ಹತ್ತಿದರು. "ಸದ್ಯಕ್ಕೆ ಇದೇ ಮೊಳೆಗೆ ಸಿಗಿಸ್ತೀನಿ, ಆಮೇಲೆ ಕಟ್ಟು ಹಾಕಿಸ್ತೀನಿ. ಸ್ಟೂಲ್ ಅಲ್ಲಾಡತ್ತೆ, ಸ್ವಲ್ಪ ಹಿಡ್ಕೊ." ಹಿಡಿದುಕೊಂಡೆ. ಸಿಗಿಸಿ, ಮೇಲಿನಿಂದಲೇ ಮಾತಾಡಿದರು. "ಎರಡು ನಿಮಿಷ ಸುಮ್ಮನೆ ಕೂರೋ ಮನುಷ್ಯ ಅಲ್ಲ. ಕಣ್ಣು ಮುಚ್ಚಿ ಕೂತಿದ್ರು ಅಂತ ನೀನು ಹೇಳಿದ್ದನ್ನ ದಿನಾ ನೆನೆಸ್ಕೋತೀನಿ. ನಿನ್ನ ಪಕ್ಕದಲ್ಲೇ ಕೂತಿದ್ರಾ?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನಿಂದಾಗಲಿಲ್ಲ.

"ಅಣ್ಣ ಅಲ್ಲಿಗೆ ಬಂದೇ ಇರಲಿಲ್ಲ ಅತ್ತಿಗೆ."

ಎಲ್ಲವನ್ನೂ ಹೇಳಿದೆ. ಸಹಿ, ಎದುರಿಗೆ ಕೂತಿದ್ದ ಅಧಿಕಾರಿ, ವೈದ್ಯರು ಹೇಳಿದ ಗಂಟೆ, ದೂಳಿನಲ್ಲಿದ್ದ ಗುರುತು. ಬಲೂನಿನ ಮೇಲೆ ಬರೆದ ಇಲಿಯನ್ನೂ ಬಿಡಲಿಲ್ಲ. ಅತ್ತಿಗೆ ನಿಧಾನವಾಗಿ ಕೆಳಗಿಳಿದು ಅದೇ ಸ್ಟೂಲ್ ಮೇಲೆ ಕೂತರು. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಎದೆ ಬಿಗಿಯಾಗ್ತಿದೆ ಅಂತ ಹೇಳಿ ಹೋಗಿದ್ರು," ಅಂದರು ಕೊನೆಗೆ. "ರಜೆ ಹಾಕಿ ಅಂದೆ, ಕೇಳಲಿಲ್ಲ. ಮಧ್ಯಾಹ್ನದವರೆಗೂ ನನ್ನ ಗಂಟಲಲ್ಲಿ ನೀರೂ ಇಳಿದಿರಲಿಲ್ಲ. ಆಟೋ ಹಿಡ್ಕೊಂಡು ಬಂದೇಬಿಡೋಣ ಅಂತ ಸೀರೆನೂ ಉಟ್ಕೊಂಡಿದ್ದೆ. ನಿನ್ನನ್ನ ಒಂದು ಮಾತು ಕೇಳಿ ಹೊರಡೋಣ ಅಂತ ಫೋನ್ ಮಾಡಿದೆ." ಗೋಡೆಯ ಮೇಲಿನ ಪ್ರಮಾಣಪತ್ರದ ಕಡೆ ನೋಡಿದರು. "ನೀನು ಹೇಳಿದ ಮೇಲೆ ಸೀರೆ ಬದಲಾಯಿಸಿ ಹೊಟ್ಟೆ ತುಂಬ ಊಟ ಮಾಡಿದೆ. ಮಲಗಿ ನಿದ್ದೆನೂ ಮಾಡಿದೆ ಕಣೆ."

ನಾನು ಅವರ ಕಾಲ ಬಳಿ ಕುಸಿದೆ. ಅವರು ನನ್ನನ್ನು ಮುಟ್ಟಲಿಲ್ಲ. ಎದ್ದು ಮತ್ತೆ ಸ್ಟೂಲ್ ಹತ್ತಿ, ಗೋಡೆಯಿಂದ ಪ್ರಮಾಣಪತ್ರ ತೆಗೆದು ನನ್ನ ಕೈಗೆ ಕೊಟ್ಟರು.

"ಅವರ ಸಹಿ ನೀನು ಹಾಕಿದೆ, ಅವರ ಬಲೂನು ನೀನು ಊದಿದೆ. ಇದೂ ನಿನ್ನದೇ. ತಗೊಂಡು ಹೋಗು."

ಮರುದಿನ ನಡೆದದ್ದನ್ನೆಲ್ಲ ಬರೆದು ಉಪ ಕುಲಸಚಿವರಿಗೆ ಕೊಟ್ಟೆ. ಮೊದಲ ಬಾರಿಗೆ ಅವರು ಒಂದು ಕಾಗದವನ್ನು ಕೊನೆಯವರೆಗೆ ಓದಿದರು. ಓದಿ ಮಡಚಿ ಡ್ರಾಯರಿಗೆ ಹಾಕಿದರು. "ನಿಮಗೆ ತುಂಬಾ ಆಘಾತ ಆಗಿದೆ ಅಮ್ಮ," ಅಂದರು. ಮುಂದಿನ ವಾರದ ಸ್ವಾಸ್ಥ್ಯ ಕಾರ್ಯಾಗಾರದ ಪಟ್ಟಿಯಲ್ಲಿ ನನ್ನ ಹೆಸರು ಮೊದಲನೆಯದಾಗಿತ್ತು.

ಹೋದೆ. ಹಾಜರಿ ಪುಸ್ತಕ ಬಂದಾಗ ಪಕ್ಕದವಳು ಇನ್ನೊಬ್ಬರ ಹೆಸರಿಗೂ ಹಾಕು ಅಂತ ಮೊಣಕೈಯಿಂದ ತಿವಿದಳು. ನಾನು ಒಂದೇ ಸಹಿ ಹಾಕಿ ಪುಸ್ತಕವನ್ನು ಮುಂದಕ್ಕೆ ತಳ್ಳಿದೆ. ಬುಟ್ಟಿ ಬಂದಾಗ ಫೋನು ಕೊಡುವುದಿಲ್ಲ ಅಂದೆ. ನನ್ನ ದನಿ ಕೇಳಿ ಬುಟ್ಟಿಯವನು ವಾದಿಸದೆ ಮುಂದೆ ಹೋದ. ದೀಪ ಆರಿಸಿದರು, ಎಲ್ಲರೂ ಕಣ್ಣು ಮುಚ್ಚಿದರು. ನಾನು ಫೋನನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತೆ. ಅತ್ತಿಗೆ ಇನ್ನು ಯಾವತ್ತೂ ಫೋನ್ ಮಾಡುವುದಿಲ್ಲ ಅಂತ ಗೊತ್ತಿತ್ತು. ಆದರೂ ಐದು ಗಂಟೆಯವರೆಗೆ ಕಣ್ಣು ಮುಚ್ಚಲಿಲ್ಲ.