ಬುಗುರಿಯ ಕರೆಂಟ್ ಪಾತ್ರೆ

ನನಗೆ ಒಬ್ಬಿಬ್ಬರಿಗಾಗುವಷ್ಟೇ ಅಡುಗೆ ಮಾಡಲು ಬರುವುದಿಲ್ಲ. ನಗಬೇಡಿ, ನಿಜವಾಗಿಯೂ ಬರುವುದಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಳೆತ್ತರದ ಪಾತ್ರೆಗಳ ಮುಂದೆ ಆಯುಷ್ಯ ಕಳೆದವಳು ನಾನು. ಉಪ್ಪನ್ನು ಚಮಚದಲ್ಲಿ ಹಾಕಿದವಳಲ್ಲ, ಮುಷ್ಟಿಯಲ್ಲಿ ಹಾಕಿದವಳು. ನಿವೃತ್ತಿಯಾಗಿ ಮನೆಗೆ ಬಂದೆನೆಂದು ಕೈ ಸುಮ್ಮನಿರಬೇಕಲ್ಲ! ಇರುವುದು ಇಬ್ಬರು, ಬೇಯುವುದು ಒಂದು ಬೀದಿಗಾಗುವಷ್ಟು ಬೇಳೆ. ಉಳಿದದ್ದನ್ನು ಅಕ್ಕಪಕ್ಕದವರಿಗೆ ಹಂಚುತ್ತಿದ್ದೆ. ಆಮೇಲಾಮೇಲೆ ನಾನು ಡಬ್ಬಿ ಹಿಡಿದು ಬರುವುದು ಕಂಡರೆ ಅವರು ಮೆಲ್ಲನೆ ಬಾಗಿಲು ಮುಚ್ಚಿಕೊಳ್ಳತೊಡಗಿದರು.

ಆ ಇಬ್ಬರಲ್ಲಿ ಇನ್ನೊಬ್ಬಳು ನನ್ನ ಅಣ್ಣನ ಮಗಳು. ಚಿಕ್ಕವಳಿದ್ದಾಗ ನಿಂತಲ್ಲಿ ನಿಲ್ಲದೆ ಗಿರಗಿರ ಸುತ್ತುತ್ತಿದ್ದಳೆಂದು ಬುಗುರಿ ಎಂದು ಕರೆದೆ, ಅದೇ ಉಳಿಯಿತು. ಭಾರ ಎತ್ತುವ ತರಬೇತಿ ಕೇಂದ್ರ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಇದ್ದದ್ದರಿಂದ ಅಣ್ಣ ಅವಳನ್ನು ನನ್ನ ಹತ್ತಿರ ಬಿಟ್ಟ. ಹುಡುಗಿ ಕುಳ್ಳಿ, ಗಟ್ಟಿ, ಮಾತು ಕಮ್ಮಿ. ಕಬ್ಬಿಣದ ಸರಳಿನ ಎರಡೂ ತುದಿಗೆ ಬಿಲ್ಲೆ ಸಿಕ್ಕಿಸಿ ತಲೆಯ ಮೇಲೆತ್ತಿ ನಿಂತಳೆಂದರೆ ನೋಡುವವರ ಮೊಣಕಾಲು ನಡುಗಬೇಕು.

ಈ ಆಟದಲ್ಲಿ ಒಂದು ಪೀಡೆಯಿದೆ. ಎತ್ತುವವರನ್ನೂ ತೂಗುತ್ತಾರೆ. ಇಂತಿಷ್ಟು ತೂಕದವರು ಇಂಥ ವರ್ಗದಲ್ಲಿ ಎಂದು ಗೆರೆ ಎಳೆದಿರುತ್ತಾರೆ. ಬುಗುರಿಯ ಕೋಚ್ ಮೇಡಂ ಅವಳನ್ನು ಒಂದು ಗೆರೆಯ ಕೆಳಗೆ ಹಿಡಿದು ನಿಲ್ಲಿಸಿದ್ದರು. ಮೇಲಿನ ವರ್ಗದ ಹುಡುಗಿಯರು ಬೆಟ್ಟದಂತಿದ್ದಾರೆ, ಅಲ್ಲಿ ಇವಳ ಬೇಳೆ ಬೇಯುವುದಿಲ್ಲ ಎಂಬುದು ಅವರ ಲೆಕ್ಕ. ನನ್ನ ಅಡುಗೆ ಆ ಗೆರೆಗೆ ಹಗೆಯಾಯಿತು. ಒಂದು ದಿನ ಮೇಡಂ ಮನೆಗೇ ಬಂದು, "ಅಮ್ಮಾ, ನೀವು ಪ್ರೀತಿಯಿಂದ ಬಡಿಸ್ತೀರಿ, ಒಪ್ತೀನಿ. ಆದ್ರೆ ನೀವು ಬಡಿಸಿದ್ದನ್ನ ಇಳಿಸೋಕೆ ನಾನು ಅವಳನ್ನ ಓಡಿಸ್ಬೇಕು," ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಮಾತು ನಿಜ.

ಮರುದಿನವೇ ಬುಗುರಿ ಒಂದು ಪೆಟ್ಟಿಗೆ ತಂದಳು. ಒಳಗೆ ಒಂದು ಪುಟಾಣಿ ಕರೆಂಟ್ ಪಾತ್ರೆ. ಗಾಜಿನ ಮುಚ್ಚಳ, ಮಡಚುವ ಹಿಡಿ, ಮುಂದೊಂದು ಗುಂಡಿ. ಮಕ್ಕಳ ಅಡುಗೆಯಾಟದ ಸಾಮಾನೇ ಸರಿ.

"ಇದ್ಯಾವ ಗುಬ್ಬಿಗೆ ಅಡುಗೆ ಮಾಡೋಕೆ?" ಎಂದೆ.

"ನನಗೆ ಅತ್ತೆ. ಇದು ತುಂಬಿದ್ರೆ ನನ್ನ ಊಟ ಮುಗೀತು. ನೀನು ಎಷ್ಟೇ ಒದ್ದಾಡಿದ್ರೂ ಇದರಲ್ಲಿ ಜಾಸ್ತಿ ಹಿಡಿಯಲ್ಲ."

ಕಳ್ಳಿ! ನನ್ನ ಕೈ ಕಟ್ಟಿಹಾಕಲು ಪಾತ್ರೆಯನ್ನೇ ಕೊಂಡುತಂದಿದ್ದಳು.

ಮೂಗು ಮುರಿದುಕೊಂಡೇ ಶುರು ಮಾಡಿದೆ. ಮೊದಮೊದಲು ಅಕ್ಕಿ ಉಕ್ಕಿ ಮೇಜೆಲ್ಲ ರಾಡಿ. ಹೋಗು ಶನಿಯೇ ಎಂದು ಬೈದೆ, ಒರೆಸಿದೆ. ಆಮೇಲೆ ಅದರ ಗುಣ ತಿಳಿಯಿತು. ಬೇಳೆ ಮೊದಲು, ಅಕ್ಕಿ ಆಮೇಲೆ, ಸೊಪ್ಪು ಕಡೆಗೆ. ಮೇಲೊಂದು ತೂತಿನ ತಟ್ಟೆ ಇಟ್ಟರೆ ಅದರ ಹಬೆಯಲ್ಲೇ ಮೊಟ್ಟೆಯೂ ಬೇಯುತ್ತದೆ. ಗ್ಯಾಸಿನ ಮುಂದೆ ಬೆವರುತ್ತ ನಿಲ್ಲಬೇಕಿಲ್ಲ, ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕಾಲು ಚಾಚಿ ಅಡುಗೆ ಮಾಡಬಹುದು. ಗಾಜಿನ ಮುಚ್ಚಳದೊಳಗೆ ಕ್ಯಾರೆಟ್ ತುಂಡುಗಳು ಕುಣಿಯುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಸುಳ್ಳೇಕೆ ಹೇಳಲಿ, ಆ ಪುಟಾಣಿಯ ಮೇಲೆ ನನಗೆ ಮೋಹ ಬಂದುಬಿಟ್ಟಿತು. ಬುಗುರಿ ತರಬೇತಿಗೆ ಹೋದಾಗ ಅದನ್ನು ಒರೆಸಿ, ತಿರುಗಿಸಿ, ಮತ್ತೆ ಒರೆಸಿ ಇಡುತ್ತಿದ್ದೆ.

ಹೀಗಿರುವಾಗ ಆ ದೊಡ್ಡ ಸ್ಪರ್ಧೆ ಬಂತು. ಪ್ರತಿ ವರ್ಗದಲ್ಲೂ ಮೊದಲ ಮೂವರಿಗೆ ರಾಷ್ಟ್ರೀಯ ಶಿಬಿರದಲ್ಲಿ ಜಾಗ. ಬುಗುರಿ ವರ್ಷಗಳಿಂದ ಕಾದದ್ದು ಇದಕ್ಕೇ. ದೂರದ ಊರು, ಹೊರಗಿನ ಊಟವನ್ನು ನಂಬುವ ಹಾಗಿಲ್ಲ. "ಅತ್ತೆ, ನೀನೂ ಬಾ," ಎಂದಳು. ನನಗಿಂತ ಮೊದಲು ಪಾತ್ರೆ ಹೊರಟಿತ್ತು, ಅವಳ ಬಟ್ಟೆಗಳ ನಡುವೆ, ಟವೆಲ್ ಸುತ್ತಿಕೊಂಡು.

ರೈಲು ಬದಲಿಸುವ ನಿಲ್ದಾಣದಲ್ಲಿ ಕಾಯುವ ಕೋಣೆಯ ಮೂಲೆಯ ಸಾಕೆಟ್‌ಗೆ ಸಿಕ್ಕಿಸಿ ಮೊಟ್ಟೆ ಬೇಯಿಸಿದೆ. ಪಕ್ಕದಲ್ಲಿ ಫೋನ್ ಚಾರ್ಜಿಗೆ ಹಾಕಿಕೊಂಡಿದ್ದ ದೊಡ್ಡ ಮನುಷ್ಯರೊಬ್ಬರು ನನ್ನನ್ನು ಕೆಕ್ಕರಿಸಿ ನೋಡಿದರು. ಒಂದು ಮೊಟ್ಟೆ ಸುಲಿದು ಕೈಗಿಟ್ಟೆ. ತಿಂದು ಸುಮ್ಮನಾದರು.

ಲಾಡ್ಜಿನಲ್ಲಿ ಕೋಣೆಯ ಬಾಗಿಲ ಹಿಂದೆಯೇ ಬೋರ್ಡು: ಅಡುಗೆ ಮಾಡತಕ್ಕದ್ದಲ್ಲ. ಅದರ ಮೇಲೆ ಬುಗುರಿಯ ಜಾಕೆಟ್ ನೇತುಹಾಕಿದೆ, ಬೋರ್ಡು ಕಾಣದಾಯಿತು. ಸಾಕೆಟ್ ಇದ್ದದ್ದು ಕನ್ನಡಿಯ ಕೆಳಗೆ. ಪಾತ್ರೆ ಕುದಿಯುವಷ್ಟು ಹೊತ್ತೂ ಕನ್ನಡಿಯಲ್ಲಿ ನನ್ನ ಮುಖ ಮಂಜಾಗಿರುತ್ತಿತ್ತು, ಅದೂ ಒಳ್ಳೆಯದೇ.

ಸ್ಪರ್ಧೆಗೆ ಇನ್ನೂ ಕೆಲವು ದಿನವಿತ್ತು, ಅಲ್ಲಿಗೆ ಬಂದ ಮೇಲೆ ಮೇಡಂ ಹೊಸ ಆಜ್ಞೆ ಹೊರಡಿಸಿದರು. ಸ್ಪರ್ಧೆಯ ತನಕ ಊಟದಲ್ಲಿ ಉಪ್ಪಿರಬಾರದು. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ಉಪ್ಪು ಬಿಟ್ಟರೆ ನೀರು ಇಳಿದು ತೂಕ ಗೆರೆಯ ಕೆಳಗೆ ಬರುತ್ತದಂತೆ. ಉಪ್ಪಿಲ್ಲದ ಅಡುಗೆ ಮಾಡು ಎಂದರೆ ನನ್ನಂಥವಳಿಗೆ ಹೇಗಾಗಬೇಡ! ಆದರೂ ಹಲ್ಲು ಕಚ್ಚಿ ಪಾತ್ರೆಗೆ ಒಂದು ಹರಳೂ ಬೀಳದಂತೆ ನೋಡಿಕೊಂಡೆ. ನಾನು ರುಚಿ ನೋಡುವವಳಲ್ಲ, ವಾಸನೆಯಲ್ಲೇ ಹದ ತಿಳಿಯುವವಳು. ಆ ಪಾತ್ರೆಯಲ್ಲಿ ಇಬ್ಬರಿಗಾಗುವಷ್ಟು ಹಿಡಿಯುವುದೂ ಇಲ್ಲ. ಅವಳಿಗೆ ಬಡಿಸಿ ನಾನು ಕೆಳಗಿನ ಹೋಟೆಲಿನಲ್ಲಿ ಉಂಡು ಬರುತ್ತಿದ್ದೆ.

"ಹೇಗಿದೆಯೇ, ಸಪ್ಪೆ ಸಪ್ಪೆನಾ?"

"ಚೆನ್ನಾಗಿದೆ ಅತ್ತೆ. ಹಸಿದಿದ್ದೀನಲ್ಲ, ಏನು ಕೊಟ್ರೂ ರುಚಿ."

ತೂಕ ಮಾತ್ರ ಇಳಿಯಲಿಲ್ಲ. ಬೆಳಿಗ್ಗೆ ಎದ್ದು ತಕ್ಕಡಿಯ ಮೇಲೆ ನಿಂತರೆ ಮುಳ್ಳು ಗೆರೆಯಾಚೆಗೇ. ಬುಗುರಿ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಓಡಿದಳು. ನೀರು ಕಮ್ಮಿ ಮಾಡಿದಳು. ತುಟಿ ಒಡೆಯಿತು, ಕೆನ್ನೆ ಒಳಸೇರಿತು, ತೂಕ ಕದಲಲಿಲ್ಲ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ನಿಜ ಹೇಳಿ, ಉಪ್ಪೇನಾದ್ರೂ..." ಎಂದರು.

"ನನ್ನ ಬಾಯಲ್ಲಿ ಸುಳ್ಳು ಬರುತ್ತಾ? ಒಂದು ಹರಳು ಹಾಕಿದ್ರೆ ಕೇಳಿ!" ಎಂದು ಹರಿಹಾಯ್ದೆ. ಪಾಪ, ಆಕೆ ಎರಡು ಹೆಜ್ಜೆ ಹಿಂದೆ ಸರಿದರು.

ಸ್ಪರ್ಧೆಯ ಹಿಂದಿನ ಮಧ್ಯಾಹ್ನ. ಸಂಜೆ ಸ್ಪರ್ಧೆ ನಡೆಸುವವರ ಸಭೆಯಲ್ಲಿ ಹೆಸರುಗಳು ಖಾಯಂ ಆಗಬೇಕು. ವರ್ಗ ಬದಲಿಸುವುದಿದ್ದರೆ ಅಲ್ಲಿಯ ತನಕ ಮಾತ್ರ ಅವಕಾಶ. ನಾನು ಕೋಳಿ, ಸೊಪ್ಪು, ಬೇಳೆ ಬೇಯಿಸಿ ಗುಂಡಿ ಆರಿಸಿದ್ದೆ. ಬಾಗಿಲು ಬಡಿದ ಸದ್ದಾಯಿತು. ಲಾಡ್ಜಿನ ಮ್ಯಾನೇಜರ್ ನಿಂತಿದ್ದ. ಮೂಗಿನ ಹೊಳ್ಳೆ ಅಗಲವಾಗಿತ್ತು.

"ಅಮ್ಮಾ, ಮೂರನೇ ಮಹಡಿಯೆಲ್ಲ ಘಮಘಮ ಅಂತಿದೆ. ಇಲ್ಲಿ ಅಡುಗೆ ಮಾಡೋ ಹಾಗಿಲ್ಲ, ಗೊತ್ತಲ್ಲ?"

"ಅಡುಗೆ ಅಂತೀರಲ್ಲ, ಇದನ್ನ ಅಡುಗೆ ಅಂತಾರಾ? ಉಪ್ಪಿಲ್ಲ, ಖಾರ ಇಲ್ಲ. ಪಥ್ಯ ಸ್ವಾಮಿ, ಪಥ್ಯ! ನಂಬಿಕೆ ಇಲ್ದಿದ್ರೆ ಬಾಯಿಗೆ ಹಾಕಿ ನೋಡಿ," ಎಂದು ಚಮಚದಲ್ಲಿ ಒಂದು ತುಂಡು ಕೋಳಿ, ಎರಡು ಎಸಳು ಸೊಪ್ಪು ಎತ್ತಿ ಮುಂದೆ ಹಿಡಿದೆ.

ತಿಂದ. ಕಣ್ಣು ಮುಚ್ಚಿ ಅಗಿದ. "ಉಪ್ಪಿಲ್ಲ ಅಂತೀರಿ? ಹದವಾಗಿದೆಯಲ್ಲಮ್ಮ!"

"ರೀ, ನಿಮ್ಮ ನಾಲಿಗೆ ಕೆಟ್ಟಿದೆ."

"ನನ್ನ ನಾಲಿಗೆಗೇನಾಗಿದೆ? ನೀವೇ ನೋಡಿ."

ನೋಡಿದೆ. ಉಪ್ಪಿತ್ತು. ಕೋಳಿಯಲ್ಲಿತ್ತು, ಸೊಪ್ಪಿನಲ್ಲೂ ಇತ್ತು. ಯಾರು ಹಾಕಿದರು? ತಿರುಗಿ ನೋಡಿದರೆ ಬಚ್ಚಲಲ್ಲಿ ಬಕೆಟ್ಟು, ಅದರಲ್ಲಿ ರಾತ್ರಿಗೆಂದು ನೆನೆಹಾಕಿದ್ದ ಸೊಪ್ಪು, ಪಕ್ಕದ ಡಬ್ಬಿಯಲ್ಲಿ ನೀರಿನಲ್ಲಿ ಮುಳುಗಿದ್ದ ಕೋಳಿ. ಆ ಎರಡಕ್ಕೂ ಒಂದೊಂದು ಮುಷ್ಟಿ ಉಪ್ಪು ಹಾಕಿದ್ದವಳು ಸಾಕ್ಷಾತ್ ನಾನೇ!

ಕ್ಯಾಂಟೀನಿನಲ್ಲಿ ಅದು ಅಡುಗೆಯಲ್ಲ, ತೊಳೆಯುವ ಕೆಲಸ. ಸೊಪ್ಪಿನ ಹುಳ ಬಿಡಬೇಕಾದರೆ ಉಪ್ಪುನೀರು. ಕೋಳಿಯ ವಾಸನೆ ಹೋಗಿ ಮೆತ್ತಗಾಗಬೇಕಾದರೂ ಉಪ್ಪುನೀರು. ಪಾತ್ರೆಗೆ ಹಾಕುವ ಉಪ್ಪು ಬೇರೆ, ತೊಳೆಯುವ ಉಪ್ಪು ಬೇರೆ. ನನ್ನ ಕೈ ತಾನಾಗಿ ಹೋಗಿ ಮುಷ್ಟಿ ತುಂಬಿ ಸುರಿದು ಬರುತ್ತಿತ್ತು, ತಲೆಗೆ ಸುದ್ದಿಯೇ ಇಲ್ಲ. ಮನೆಯಲ್ಲಾದರೆ ಮತ್ತೆರಡು ಸಲ ತೊಳೆಯುತ್ತಿದ್ದೆ. ಇಲ್ಲಿ ನಲ್ಲಿಯಲ್ಲಿ ನೀರು ದಾರದಂತೆ ಬರುತ್ತಿತ್ತು, ಒಂದು ಸಲ ಜಾಲಾಡಿಸಿ ಪಾತ್ರೆಗೆ ಹಾಕಿದ್ದೆ.

ಚಪ್ಪಲಿ ಕೂಡ ಹಾಕಿಕೊಳ್ಳದೆ ತರಬೇತಿ ಹಾಲಿಗೆ ಓಡಿದೆ. ಮೇಡಂ ಮತ್ತು ಬುಗುರಿ ತಕ್ಕಡಿಯ ಪಕ್ಕ ನೆಲದ ಮೇಲೆ ಕೂತಿದ್ದರು. ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಮೇಡಂ ಹಣೆಗೆ ಕೈ ಹಚ್ಚಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

"ಇನ್ನೂ ಒಂದು ದಾರಿ ಇದೆ," ಎಂದರು. "ಈಗಿಂದ ನೀರು ಪೂರ್ತಿ ಬಂದ್. ಹಬೆ ಕೋಣೆಯಲ್ಲಿ ಕೂರ್ಬೇಕು, ಮತ್ತೆ ಓಡ್ಬೇಕು. ಬೆಳಿಗ್ಗೆ ಹೊತ್ತಿಗೆ ಗೆರೆ ಒಳಗೆ ಬರಬಹುದು. ಬಂದ್ರೆ ಮೊದಲ ಮೂರರಲ್ಲಿ ಇರೋದು ಗ್ಯಾರಂಟಿ."

ಬುಗುರಿ ಒಡೆದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. "ಮೇಲಿನ ವರ್ಗಕ್ಕೆ ಹೆಸರು ಕೊಡಿ ಮೇಡಂ."

"ತಲೆ ಕೆಟ್ಟಿದೆಯಾ? ಅಲ್ಲಿ ಶಿಬಿರದ ಆಸೆ ಬಿಡ್ಬೇಕಾಗುತ್ತೆ."

"ಆದ್ರೂ ಕೊಡಿ."

ನಾನು ಅಳುತ್ತಿದ್ದೆ. ನನ್ನ ಕೈಯಾರೆ ಮಗುವಿನ ದಾರಿಗೆ ಕಲ್ಲು ಹಾಕಿದೆನಲ್ಲ! ಅವಳು ಎದ್ದು ಬಂದು ನನ್ನ ಭುಜ ಹಿಡಿದಳು. "ಅತ್ತೆ, ಅಳೋದು ಆಮೇಲೆ. ಮೊದ್ಲು ಹೋಗಿ ಅಡುಗೆ ಮಾಡು. ಉಪ್ಪು ಹಾಕಿ, ಸರಿಯಾಗಿ."

ಆ ಸಂಜೆ ಪಾತ್ರೆಗೆ ಪುರುಸೊತ್ತೇ ಇರಲಿಲ್ಲ. ಒಂದು ಸಲ ಬೇಯಿಸಿ ಬಡಿಸಿದೆ, ಅವಳು ಉಣ್ಣುವಷ್ಟರಲ್ಲಿ ಇನ್ನೊಂದು ಸಲಕ್ಕೆ ಅಕ್ಕಿ ಹಾಕಿದೆ. ಮ್ಯಾನೇಜರ್ ಮತ್ತೆ ಬಂದ. ಬೈಯುವುದಕ್ಕಲ್ಲ, ತನ್ನದೇ ಒಂದು ತಟ್ಟೆ ಹಿಡಿದುಕೊಂಡು. "ಬೋರ್ಡು ನಾನು ನೋಡಿಲ್ಲ, ನೀವೂ ನೋಡಿಲ್ಲ," ಎಂದ. ಬುಗುರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಂಡಳು, ನೀರು ಕುಡಿದಳು, ಮತ್ತೆ ಉಂಡಳು. ಕೊನೆಗೆ ಗೋಡೆಗೊರಗಿ ಒಂದು ದೊಡ್ಡ ತೇಗು ತೇಗಿ, ನನ್ನ ಮುಖ ನೋಡಿ ಫಕ್ಕನೆ ನಕ್ಕಳು. ನನಗೂ ನಗು ಬಂತು. ಎಷ್ಟು ದಿನವಾಗಿತ್ತೋ ಅವಳು ಹಾಗೆ ನಕ್ಕು.

ಮಾರನೆಯ ದಿನ ಸ್ಪರ್ಧೆಯ ಹಾಲಿನಲ್ಲಿ ಮುಂದಿನ ಸಾಲಿನ ಕುರ್ಚಿ ಹಿಡಿದು ಕೂತೆ. ಮೇಡಂ ಸುಳ್ಳು ಹೇಳಿರಲಿಲ್ಲ, ಆ ಹುಡುಗಿಯರು ಬೆಟ್ಟಗಳೇ. ಅವರ ನಡುವೆ ನನ್ನ ಬುಗುರಿ ಅಂಗಡಿಗೆ ಕಳಿಸಿದ ಮಗುವಿನಂತೆ ಕಂಡಳು. ಆದರೆ ಸರಳಿಗೆ ಕೈ ಹಚ್ಚಿದಾಗ ಬೇರೆಯೇ ಹುಡುಗಿ. ಮೊದಲ ಸಲ ಎತ್ತಿದಳು. ಎರಡನೆಯ ಸಲವೂ ಎತ್ತಿದಳು. ಕೊನೆಗೆ ತಾನು ಎಂದೂ ಮುಟ್ಟದ ಭಾರವನ್ನು ಹಾಕಿಸಿದಳು. ಮೇಡಂ ಕಣ್ಣು ಮುಚ್ಚಿಕೊಂಡರು, ನಾನು ಮುಚ್ಚಲಿಲ್ಲ. ಸರಳು ಎದೆಗೆ ಬಂತು, ಅಲ್ಲಿ ಒಂದು ಕ್ಷಣ ನಿಂತಿತು, ತಲೆಯ ಮೇಲೆ ಹೋಯಿತು. ಮೊಣಕಾಲು ಅಲುಗಲಿಲ್ಲ. ಎತ್ತಿದ್ದು ಸರಿಯೆಂದು ತೀರ್ಪುಗಾರರ ಮೂರೂ ಬಿಳಿ ದೀಪ ಹತ್ತಿದವು. ನಾನು ಕುರ್ಚಿಯ ಮೇಲೆ ನಿಂತು ಕಿರುಚಿದ್ದು ಈಗಲೂ ಗಂಟಲಲ್ಲಿದೆ.

ಆದರೂ ಬಂದದ್ದು ನಾಲ್ಕನೇ ಸ್ಥಾನ. ಶಿಬಿರಕ್ಕೆ ಮೂವರು, ಇವಳು ನಾಲ್ಕನೆಯವಳು. ಒಂದೇ ಮೆಟ್ಟಿಲು!

ಬಟ್ಟೆ ಬದಲಿಸುವ ಕೋಣೆಯ ಹೊರಗೆ ನಿಂತಿದ್ದಾಗ ಆಯ್ಕೆ ಸಮಿತಿಯ ಅಧಿಕಾರಿಯೊಬ್ಬರು ಮೇಡಂ ಜೊತೆ ಬಂದರು. ಬುಗುರಿಯ ಹಳೆಯ ವರ್ಗದಲ್ಲಿ ಗೆದ್ದ ಹುಡುಗಿಯೊಬ್ಬಳ ಭುಜ ಉಳುಕಿ ಅವಳ ಜಾಗ ಖಾಲಿಯಾಗಿತ್ತು. "ನೀನು ಎತ್ತಿದ್ದನ್ನ ನೋಡಿದೆ ಕಣಮ್ಮ. ಆ ಜಾಗ ನಿನಗೇ ಕೊಡ್ತೀವಿ. ಶಿಬಿರಕ್ಕೆ ಬರೋ ಹೊತ್ತಿಗೆ ತೂಕ ಇಳಿಸಿಕೊಂಡು ಬರ್ಬೇಕು, ಅಷ್ಟೇ," ಎಂದರು.

ಮೇಡಂ ಮುಖ ಅರಳಿತು. ನಾನಂತೂ ಅಲ್ಲಿಯೇ ಅವರಿಗೆ ಕೈ ಮುಗಿದುಬಿಟ್ಟೆ. ಉಪ್ಪಿನ ಡಬ್ಬಿಯನ್ನು ಬಾವಿಗೆ ಎಸೆಯುತ್ತೇನೆ, ಬೇಕಾದರೆ ಕೈ ಕಟ್ಟಿಕೊಂಡು ಅಡುಗೆ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಹಾಕುತ್ತಿದ್ದೆ.

"ಬೇಡ ಸರ್," ಎಂದಳು ಬುಗುರಿ.

ನಾನು ಅವಳ ತೋಳು ಹಿಡಿದು ಜಗ್ಗಿದೆ.

"ಇದೇ ವರ್ಗದಲ್ಲಿ ಮುಂದಿನ ಸಲ ಬರ್ತೀನಿ. ಮೊದಲ ಮೂರರಲ್ಲೇ ಬರ್ತೀನಿ." ನನ್ನ ಕೈ ಬಿಡಿಸಿಕೊಂಡು ಹೇಳಿದಳು, "ಇಷ್ಟು ವರ್ಷ ಹಸಿದುಕೊಂಡೇ ಎತ್ತಿದೆ ಸರ್. ಇವತ್ತು ಉಂಡು ಎತ್ತಿದೆ. ಇನ್ನು ಹಿಂದಕ್ಕೆ ಹೋಗೋಕೆ ಆಗಲ್ಲ."

ಆ ಅಧಿಕಾರಿ ನಮ್ಮ ಮೇಡಂ ಮುಖ ನೋಡಿದರು. ಮೇಡಂ ಬುಗುರಿಯ ಕಡೆ ತಿರುಗಿ, "ಹಾಗಾದ್ರೆ ಸೋಮವಾರದಿಂದ ದಿನಾ ಎರಡು ಮೊಟ್ಟೆ ಜಾಸ್ತಿ," ಎಂದು ಹೇಳಿ ಅಧಿಕಾರಿಯನ್ನು ಕರೆದುಕೊಂಡು ಹೊರಟರು.

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಹಸಿದುಕೊಂಡೇ ಎಂದಳಲ್ಲ! ದಿನಾ ನನ್ನ ಎದುರಿಗೆ ಕೂತು ಉಣ್ಣುತ್ತಿದ್ದವಳು. ಸಾಕಾ ಎಂದರೆ ಸಾಕು ಎನ್ನುತ್ತಿದ್ದವಳು. ಊರಿಗೆಲ್ಲ ಉಣಬಡಿಸಿದ ನನ್ನ ಕಣ್ಣಿಗೆ ನನ್ನ ಮನೆಯ ಹಸಿವು ಕಾಣಲಿಲ್ಲವಲ್ಲ!

"ನನಗೊಂದು ಮಾತು ಹೇಳ್ಬಾರದಿತ್ತೇನೇ?" ಎಂದು ಗದರಿದೆ.

ಬುಗುರಿ ನನ್ನ ಪಕ್ಕಕ್ಕೆ ಬಂದು ಕೂತು, ಬೆವರಿನ ತಲೆಯನ್ನು ನನ್ನ ಭುಜಕ್ಕೆ ಆನಿಸಿದಳು.

"ಹೇಳಿದ್ರೆ ನೀನು ಬಡಿಸಿಬಿಡ್ತಿದ್ದೆ, ಅತ್ತೆ."

ಬಡಿಸುತ್ತಿದ್ದೆ. ದೇವರಾಣೆಗೂ ಬಡಿಸುತ್ತಿದ್ದೆ.