ಮೊಂಡಿಯ ಪಿಕಪ್ಪು

ಹೆತ್ತವರು ಇಟ್ಟ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಮನೆಯಲ್ಲೂ ಬೀದಿಯಲ್ಲೂ ಅವಳು ಮೊಂಡಿಯೇ. ಕಲ್ಲುಚಪ್ಪಡಿ ಸಾಗಿಸುತ್ತಿದ್ದ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ, ಯಾರನ್ನೂ ಕೇಳದೆ ಅವರ ಪಿಕಪ್ಪಿನ ಸ್ಟೇರಿಂಗ್ ಹಿಡಿದವಳು. ಕೆಲಸ ಬೇಗ ಕೈಗೆ ಹತ್ತಿತು. ಆದರೆ ಗಾಡಿಗೆ ವಯಸ್ಸಾಗಿತ್ತು. ಹೊಸ ಮನೆಗಳು ಏಳುತ್ತಿದ್ದುದೆಲ್ಲ ಗುಡ್ಡದ ಮೇಲೆ. ಭಾರ ಹೇರಿಕೊಂಡು ಏರು ಹತ್ತಿದರೆ ಅದು ಅರ್ಧ ದಾರಿಯಲ್ಲೇ ಕಪ್ಪು ಹೊಗೆ ಕಾರಿ, ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಲಾರಿಯವರು ಪಕ್ಕದಲ್ಲಿ ಹಾದುಹೋಗುವಾಗ, ತಳ್ಳುವುದಕ್ಕೆ ಇಳಿಯಬೇಕೇ ಎಂದು ಕೇಳಿ ನಗುತ್ತಿದ್ದರು.

ಅಣ್ಣನಿಗೆ ಅಷ್ಟೇ ಸಾಕಾಯಿತು. ತಂಗಿ ಬೀದಿಯವರ ಬಾಯಿಗೆ ಬೀಳುವುದು ಅವನಿಗೆ ಮೊದಲಿಂದಲೂ ಸಹಿಸಲಾಗುತ್ತಿರಲಿಲ್ಲ. ಗುಟ್ಟಾಗಿ ಗಾಡಿಗೊಬ್ಬ ಗಿರಾಕಿಯನ್ನು ಹುಡುಕಿ, ಮಾರಲು ಅಪ್ಪನನ್ನೂ ಒಪ್ಪಿಸಿದ. ಅವಳಿಗೆ ಸುದ್ದಿ ಮುಟ್ಟಿದ್ದು ಎಲ್ಲರಿಗಿಂತ ಕೊನೆಗೆ, ಪಾತ್ರೆ ಬೆಳಗುತ್ತಿದ್ದ ಅತ್ತಿಗೆಯ ಬಾಯಿಂದ.

ಮೊಂಡಿ ಗಾಡಿ ತೆಗೆದುಕೊಂಡು ಅಪ್ಪನ ಹಳೆಯ ಗೆಳೆಯನ ಗ್ಯಾರೇಜಿಗೆ ಹೋದಳು. ಮೈತುಂಬ ಕಪ್ಪು ಮೆತ್ತಿಕೊಂಡೇ ಇರುತ್ತಿದ್ದ ಅವನನ್ನು ಅವಳು ಚಿಕ್ಕಂದಿನಿಂದ ಮಸಿ ಮಾವ ಎಂದೇ ಕರೆಯುವುದು. ಗುಡುಗುವ ಗಾಡಿಗಳಿಗೆ ಇರುವಂಥ ದಪ್ಪ ಹೊಗೆಕೊಳವೆ ಹಾಕಿಕೊಡು ಎಂದು ಕೇಳಿದಳು.

"ಬರೀ ಕೊಳವೆ ದಪ್ಪ ಮಾಡಿದ್ರೆ ಸದ್ದು ಬರುತ್ತೆ ಕಣಮ್ಮ, ಶಕ್ತಿ ಬರಲ್ಲ," ಎಂದ ಮಸಿ ಮಾವ. "ಗಾಳಿ ಒಳಗೆ ಹೋಗೋ ದಾರೀನೂ ಕಟ್ಟಿದೆ, ಹೊಗೆ ಹೊರಗೆ ಬರೋ ದಾರೀನೂ ಕಟ್ಟಿದೆ. ಎರಡನ್ನೂ ಬಿಡಿಸಬೇಕು."

ಮಸಿಗಟ್ಟಿದ್ದ ಹಳೆಯ ಕೊಳವೆ ಇಳಿಯಿತು, ಅಗಲದ್ದು ಏರಿತು. ಸದ್ದು ತಡೆಯುವ ಸೈಲೆನ್ಸರನ್ನು ಮಾತ್ರ ಅವನು ತೆಗೆಯಲಿಲ್ಲ. ಏರ್ ಫಿಲ್ಟರ್ ಹೊಸದಾಯಿತು. ಆಮೇಲೆ ಅವನ ಸೊಸೆ ಲ್ಯಾಪ್‌ಟಾಪಿನ ವೈರನ್ನು ಗಾಡಿಗೆ ಸಿಕ್ಕಿಸಿ ಕೂತು, ಇಂಜಿನ್ನಿಗೆ ಎಷ್ಟು ಡೀಸೆಲ್, ಎಷ್ಟು ಗಾಳಿ ಎಂದು ಲೆಕ್ಕ ತಿದ್ದಿದಳು. ಕಸುವು ಇನ್ನೂ ಸ್ವಲ್ಪ ಏರಿಸು ಎಂದು ಮೊಂಡಿ ಪೀಡಿಸಿದಳು. ಅದಕ್ಕಿಂತ ಏರಿಸಿದರೆ ಗುಡ್ಡದಲ್ಲಿ ಕಾದು ಪಿಸ್ಟನ್ ಕರಗುತ್ತದೆಂದು ಸೊಸೆ ಜಗ್ಗಲಿಲ್ಲ. ಇವಳು ನನಗಿಂತ ಮೊಂಡಿ ಎಂದುಕೊಂಡು ಮೊಂಡಿ ಮೊದಲ ಸಲ ಸೋತಳು. ಕೂಲಿಗೆ ಬದಲಾಗಿ ಅವರ ಹೊಸ ಶೆಡ್ಡಿನ ಚಪ್ಪಡಿಗಳನ್ನೆಲ್ಲ ಸಾಗಿಸಿಕೊಡುವುದೆಂದು ಮಾತಾಯಿತು.

ಅಣ್ಣ ಗಿರಾಕಿಯನ್ನು ಕರೆತಂದ ದಿನ, ಗಾಡಿಯ ಹೊಸ ಕಸುವನ್ನು ಅಣ್ಣನ ಕಣ್ಣಿಗೆ ಕಾಣಿಸಲೇಬೇಕೆಂದು ಅವಳು ಚಪ್ಪಡಿ ಹೇರಿದಳು. ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡಕ್ಕೆ ಹೊರಟಳು. ದಿನಾ ನಿಲ್ಲುತ್ತಿದ್ದ ಜಾಗ ಬಂತು, ಹೋಯಿತು. ಇಂಜಿನ್ನು ಗಂಟಲು ಬಿಚ್ಚಿ ಹಾಡಿದಂತೆ ಏರಿತು. ಒಬ್ಬ ಲಾರಿಯವನನ್ನು ಹಿಂದೆ ಹಾಕುವಾಗ ಅವಳು ಅವನತ್ತ ತಿರುಗಿಯೂ ನೋಡಲಿಲ್ಲ.

ಮೇಲೆ ತಲುಪಿದೊಡನೆ ಗಿರಾಕಿ, ಮೊದಲು ಹೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆಂದ. ಅಣ್ಣನ ಮುಖ ಅರಳಿತು. ಮೊಂಡಿ ಕೀಲಿ ಕಿತ್ತು ಮುಷ್ಟಿಯಲ್ಲಿ ಅದುಮಿಕೊಂಡಳು. ಹೆಮ್ಮೆಯ ಭರದಲ್ಲಿ ತಾನೇ ಗಾಡಿಯ ಬೆಲೆ ಏರಿಸಿಕೊಟ್ಟಿದ್ದಳು.

ಮನೆಗೆ ಬಂದಾಗ ಅಪ್ಪನೂ ಅಣ್ಣನ ಕಡೆಗೇ ವಾಲಿದರು. ತೊದಲುತ್ತ, "ಮಾರು ಮಗಳೇ. ನಿನಗ್ಯಾಕೆ ಈ ಕಷ್ಟ?" ಎಂದರು.

"ಕೈ ಬಿದ್ದಿದ್ದು ನಿಮ್ಮದು ಅಪ್ಪ, ನನ್ನದಲ್ಲ," ಎಂದಳು. "ಗಾಡಿ ನಿಮ್ಮ ಹೆಸರಲ್ಲೇ ಇರಲಿ. ಕೀಲಿ ಮಾತ್ರ ಕೊಡಲ್ಲ."

ಅಪ್ಪ ಗೋಡೆಯ ಕಡೆ ಹೊರಳಿಕೊಂಡರು. ಆಡಿದ್ದು ಹೆಚ್ಚಾಯಿತೆಂದು ಅವಳಿಗೂ ಗೊತ್ತಾಯಿತು. ಆದರೂ ಕೀಲಿ ಹಿಡಿದ ಮುಷ್ಟಿ ಬಿಚ್ಚಲಿಲ್ಲ.

ಮರುದಿನ ಬೆಳಗ್ಗೆ ನೋಡಿದರೆ ಪಿಕಪ್ಪು ಹೊರಡದಂತೆ ಅಣ್ಣ ತನ್ನ ಕಾರನ್ನು ಗೇಟಿಗೆ ಅಡ್ಡ ನಿಲ್ಲಿಸಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿದ್ದ. ಗಾಡಿಗೆ ಬೇರೆ ದಾರಿ ಮಾಡಲು ಮೊಂಡಿ ಹಿತ್ತಲಿಗೆ ನಡೆದು ತಂತಿಬೇಲಿಯ ಕಂಬ ಅಲ್ಲಾಡಿಸತೊಡಗಿದಳು. ಹಿಂದಿನಿಂದ ಇಕ್ಕಳ ಹಿಡಿದ ಕೈಯೊಂದು ಮುಂದೆ ಬಂತು. ಅತ್ತಿಗೆ.

"ಅಣ್ಣ ಕೇಳಿದ್ರೆ ಏನಂತೀರಿ?"

"ನಾನೇ ಕತ್ತರಿಸಿದೆ ಅಂತೀನಿ. ಒಂದು ದಿನ ನಂಗೂ ಬಾಯ್ತುಂಬ ಜಗಳ ಆಡೋ ಆಸೆ."

ಜಗಳ ಜೋರಾಗಿಯೇ ನಡೆಯಿತು. ಅಣ್ಣ ಬೇಲಿ ಕಟ್ಟಿದ, ಇವರು ಬಿಚ್ಚಿದರು. ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದರು. ಅಷ್ಟರಲ್ಲಿ ಗಿರಾಕಿ ಬೇರೆ ಗಾಡಿ ಕೊಂಡ. ಅಣ್ಣ ಬೇಲಿಯನ್ನೂ ಬಿಟ್ಟ, ತಂಗಿಯೊಡನೆ ಮಾತನ್ನೂ ಬಿಟ್ಟ.

ಅಪ್ಪನೂ ಬಹಳ ಕಾಲ ಬಿಗುಮಾನ ಬಿಡಲಿಲ್ಲ. ಕೊನೆಗೊಂದು ಸಂಜೆ ಅವಳು ಊಟ ಬಡಿಸುವಾಗ, ಗುಡ್ಡದ ಕೊನೆಯ ತಿರುವನ್ನು ಯಾವ ಗೇರಿನಲ್ಲಿ ಹತ್ತುತ್ತೀಯ ಎಂದು ಕೇಳಿದರು.

"ಎರಡನೇದರಲ್ಲಿ."

"ಒಂದಕ್ಕೆ ಹಾಕು," ಎಂದರು ಅಪ್ಪ.

ಆಗಲಿ ಎಂದಳು. ಹಾಕಲಿಲ್ಲ.